ಬಟ್ಟೆ ಬಿತ್ತುತ್ತಿದ್ದ ನಮ್ಮ ಮಾವ

ನಮ್ಮ ಮಾವನವರು ಊರವರ ಬಟ್ಟೆ ಕದಿಯುತ್ತಿದ್ದರು ಎಂದು ಯಾರಾದರೂ ಹೇಳಿದರೆ ನೀವು ನಂಬಬಾರದು. ಎಲ್ಲ ಬಟ್ಟೆಗಳನ್ನೂ ಅವರು ಮುಟ್ಟುತ್ತಿರಲಿಲ್ಲ. ಹತ್ತಿಯದೇ ಆಗಬೇಕು. ಹಳೆಯದಾಗಿರಬೇಕು. ಬಣ್ಣ ಬಿಟ್ಟು, ಗಂಜಿ ಹೋಗಿ, ಕೈಗೆ ಮೆತ್ತಗೆ ಸಿಗಬೇಕು. ಇಷ್ಟು ನಿಯಮ ನಿಷ್ಠೆ ಇಟ್ಟುಕೊಂಡವರನ್ನು ಕಳ್ಳರೆನ್ನುವುದು ಯಾವ ನ್ಯಾಯ? ಒಯ್ದ ಬಟ್ಟೆಯನ್ನು ಅವರು ಉಡುತ್ತಿರಲಿಲ್ಲ, ಇನ್ನೊಬ್ಬರಿಗೆ ಕೊಡುತ್ತಲೂ ಇರಲಿಲ್ಲ. ಗೇಣಗಲಕ್ಕೆ ಹರಿದು, ಹೊಲಕ್ಕೆ ಒಯ್ದು, ಗೇಣು ಆಳದಲ್ಲಿ ಹೂಳುತ್ತಿದ್ದರು. ಎರಡು ಅಮಾವಾಸ್ಯೆ ಕಳೆದ ಮೇಲೆ ಅಗೆದು ನೋಡುತ್ತಿದ್ದರು. ಬಟ್ಟೆ ಕೊಳೆತು ಮಣ್ಣಾಗಿ ಹೋಗಿದ್ದರೆ ಆ ದಿನ ಮನೆಗೆ ಬಂದು ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದರು. ಹೂತದ್ದು ಹೂತ ಹಾಗೇ ಇದ್ದರೆ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದರು. ಹೀಗಾಗಿ ನಮ್ಮ ಅತ್ತೆ ಒಲೆಯ ಮೇಲೆ ಎಸರಿಡುವ ಮುಂಚೆ, "ಇವತ್ತು ಅಗೆಯೋದು ಅದಾ ಎಂಗೆ?" ಎಂದು ಕೇಳಿಯೇ ಹಿಟ್ಟು ಅಳೆಯುತ್ತಿದ್ದರು.

ನಾನು ಎಪ್ಪತ್ತರ ದಶಕದ ನಡುವಿನಲ್ಲಿ ಚಾಮರಾಜನಗರದ ಕಡೆಯಿಂದ ತಾಳವಾಡಿ ಬೆಟ್ಟದ ಪಣಕಹಳ್ಳಿಗೆ ಸೊಸೆಯಾಗಿ ಬಂದವಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಹುಡುಗಿ ಎಂದು ನಮ್ಮಪ್ಪ ನೆಂಟರ ಮುಂದೆ ಬೀಗುತ್ತಿದ್ದರು. ಗಡಿ ದಾಟಿ ಬಂದ ಮೇಲೆ ಬಸ್ಸಿನ ಬೋರ್ಡೂ ಓದಲು ಬರಲಿಲ್ಲ, ಅದು ತಮಿಳಿನಲ್ಲಿತ್ತು. ಮನೆಯಲ್ಲಿ ಎಲ್ಲರೂ ನನ್ನ ಕನ್ನಡವನ್ನೇ ಸ್ವಲ್ಪ ಬೇರೆ ರಾಗದಲ್ಲಿ ಆಡುತ್ತಿದ್ದರು, ಅದಷ್ಟೇ ಸಮಾಧಾನ. ಬರುವಾಗ ನಮ್ಮವ್ವ ತನ್ನದೊಂದು ಹಳೆಯ ಬಿಳಿ ಸೀರೆಯನ್ನು ಟ್ರಂಕಿನಲ್ಲಿಟ್ಟಿದ್ದಳು. ಹೊದ್ದುಕೊಂಡರೆ ತವರಿನಲ್ಲೇ ಇದ್ದ ಹಾಗೆ ಅನಿಸುತ್ತಿತ್ತು. ಬಂದು ಹದಿನೈದು ದಿನವಾಗಿರಲಿಲ್ಲ, ಒಗೆದು ಒಣಹಾಕಿದ್ದ ಆ ಸೀರೆ ಕಾಣೆಯಾಯಿತು. ಹೊಸ ಸೊಸೆ, ಯಾರನ್ನು ಕೇಳುವುದು? ಕೊಟ್ಟಿಗೆ, ಹಿತ್ತಿಲು, ಒನಕೆಯ ಹಿಂದೆ ಎಲ್ಲ ಹುಡುಕುತ್ತಿದ್ದೆ. ಅತ್ತೆ ನೋಡಿದರು.

"ಏನವ್ವ ಉಡುಕ್ತಿದ್ದೀಯೆ?"

"ನಮ್ಮವ್ವನ ಸೀರೆ, ಅತ್ತೆ."

"ಬುಳೀದಾ?"

"ಹೂಂ."

"ಅತ್ತೀದಾ?"

"ಹೂಂ."

"ಅಂಗಾದ್ರೆ ಒಲಕ್ಕೆ ಓಗಿರ್ತದೆ ಬುಡು," ಎಂದು ಅವರು ನೆಮ್ಮದಿಯಾಗಿ ಸೊಪ್ಪು ಬಿಡಿಸಲು ಕೂತರು.

ಸೀರೆ ಹೊಲಕ್ಕೆ ಹೋಗುವುದೆಂದರೇನು? ಕಳೆ ಕೀಳುವುದಕ್ಕೆ ಹೋಯಿತೆ? ನಾನು ಕಂಬ ಹಿಡಿದುಕೊಂಡು ಅಳಲು ಶುರುಮಾಡಿದೆ. ಅತ್ತೆ ಗಾಬರಿಯಾಗಿ ಸೊಪ್ಪು ಬಿಟ್ಟು ಎದ್ದು, ವಿಷಯ ತಿಳಿದು, ಜಗಲಿಗೆ ಹೋಗಿ ಮಾವನವರಿಗೆ ಏನೇನೋ ಅಂದರು. ಮಾವನವರು ಗುದ್ದಲಿ ಹಿಡಿದು ಹೊರಟರು. ಸಂಜೆ ಅಡಿಗೆಮನೆಯ ಹೊಸ್ತಿಲ ಮೇಲೆ ಸೀರೆಯ ಏಳು ತುಂಡುಗಳನ್ನು ಮಡಿಸಿಟ್ಟಿದ್ದರು. ಬಾವಿಯಲ್ಲಿ ತಾವೇ ಒಗೆದು ಹಿಂಡಿದ್ದರು. ಕೆಮ್ಮಣ್ಣಿನ ಕಲೆ ಮಾತ್ರ ಹೋಗಿರಲಿಲ್ಲ. "ಏಳೂ ಅವೆಯಂತೆ. ಇನ್ನು ಮ್ಯಾಲೆ ಕೇಳ್ದೆ ಮುಟ್ಟಾಕಿಲ್ವಂತೆ. ನೀನು ಅಳಬ್ಯಾಡ್ವಂತೆ," ಎಂದು ಅತ್ತೆ ತಂದು ಒಪ್ಪಿಸಿದರು. ಆ ತುಂಡುಗಳನ್ನು ಸೇರಿಸಿ ನಾನು ಕೌದಿ ಹೊಲಿದುಕೊಂಡೆ. ಮಾವನವರ ಮೇಲಿನ ಸಿಟ್ಟು ಕೌದಿ ಮುಗಿಯುವ ಮುಂಚೆಯೇ ಮುಗಿದಿತ್ತು.

ಅಲ್ಲಾ, ಈ ಹುಚ್ಚು ಹಿಡಿದದ್ದಾದರೂ ಹೇಗೆ? ಅದಕ್ಕೂ ಒಂದು ಕಥೆ ಇತ್ತು. ನಾನು ಬರುವುದಕ್ಕೆ ಎರಡು ವರ್ಷ ಮುಂಚೆ ಮಾವನವರು ಉಳುವಾಗ ಪಂಚೆಯನ್ನು ಬದುವಿನ ಮೇಲೆ ಬಿಚ್ಚಿಟ್ಟಿದ್ದರಂತೆ. ಮಳೆ ಬಂತು, ಬದು ಕುಸಿಯಿತು, ಪಂಚೆ ಮಣ್ಣಿನಡಿ ಸೇರಿತು. ಮುಂದೆ ಬದು ಕಟ್ಟುವಾಗ ಅಗೆದರೆ ಅಂಚು ಬಿಟ್ಟು ಬೇರೇನೂ ಇರಲಿಲ್ಲ. ಅದೇ ವರ್ಷ ಇನ್ನೊಂದು ಹೊಲದಲ್ಲಿ ಕಾಲುವೆಯ ತೂತಿಗೆ ತುರುಕಿದ್ದ ಹರಕು ಟವೆಲ್ಲು ಅಗೆದಾಗ ಹಾಗೇ ಸಿಕ್ಕಿತು. ಬೇರೆಯವರಾಗಿದ್ದರೆ ಪಂಚೆ ಹೋಯಿತಲ್ಲ ಎಂದು ಕೊರಗಿ, ಟವೆಲ್ಲು ಸಿಕ್ಕಿತಲ್ಲ ಎಂದು ಸುಮ್ಮನಾಗುತ್ತಿದ್ದರು. ನಮ್ಮ ಮಾವನವರು ಟವೆಲ್ಲು ಸಿಕ್ಕಿದ್ದಕ್ಕೇ ಕೊರಗಿದರು. "ಈ ಮಣ್ಣಿಗೆ ಅಸಿವು ಅದೆ, ಆ ಮಣ್ಣಿಗೆ ಇಲ್ಲ. ಯಾಕೆ?" ಎಂದು ಊರೆಲ್ಲ ಕೇಳಿಕೊಂಡು ಬಂದರಂತೆ.

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ನಮ್ಮ ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲಿ ಅರ್ಧ ಪುಟ ಇತ್ತು. ಆದರೆ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಹಾಗಾಗಿ ಮಾವನವರು ಜಗಲಿಯ ಮೇಲೆ, ನಾನು ಬಾಗಿಲ ಹಿಂದೆ, ನಡುವೆ ಹೊಸ್ತಿಲ ಮೇಲೆ ಅತ್ತೆ. ನಾನು ಹೇಳಿದ್ದನ್ನು ಅತ್ತೆ ಆಚೆ ದಾಟಿಸುತ್ತಿದ್ದರು. ದಾಟಿಸುವಾಗ ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಿದ್ದರು.

"ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆ. ಒಂದು ಚಮಚದಲ್ಲೇ ಕೋಟಿಗಟ್ಟಲೆ. ಬಿದ್ದ ಎಲೆ, ಕಡ್ಡಿ, ಸಗಣಿ ಎಲ್ಲ ಅವೇ ತಿಂದು ಬೆಳೆಗೆ ಊಟ ಮಾಡಿಕೊಡುತ್ತವೆ," ಎಂದೆ ನಾನು.

"ಒಂದು ಚಮಚ ಮಣ್ಣಲ್ಲಿ ಕ್ವಾಟಿ ಉಳ ಅವೆಯಂತೆ," ಎಂದರು ಅತ್ತೆ. "ನಾನಂತೂ ನಂಬಾಕಿಲ್ಲ. ನೀವು ನಂಬೋದಾದ್ರೆ ನಂಬಿ."

ಜಗಲಿಯಿಂದ ಮಾವನವರ ದನಿ ಕೇಳಿಸಿತು. "ಅಷ್ಟೂ ನಮ್ಮ ಒಲದಲ್ಲೇ ಅವೆಯಾ?"

"ಅವೆಯಂತೆ."

"ಅವುಕ್ಕೆ ಉಸಿರು ಅದಾ, ಕೇಳು."

"ಅದೆಯಂತೆ."

"ಬಿಸಿನೀರು ಉಯ್ದ್ರೆ?"

"ಸಾಯ್ತವಂತೆ."

ನಾನು ಕೊಟ್ಟ ಈ ಕೊನೆಯ ಉತ್ತರ ನನಗೇ ಕೊರಳಿಗೆ ಬಂತು. ಮರುದಿನದಿಂದ ಪಾತ್ರೆ ತೊಳೆದ ಬಿಸಿನೀರನ್ನು ಹಿತ್ತಿಲಿಗೆ ಚೆಲ್ಲುವಂತಿಲ್ಲ, ಆರಿಸಿ ಚೆಲ್ಲಬೇಕು. ಒಲೆಯ ಬೂದಿಯನ್ನು ಬಿಸಿಯಿರುವಾಗ ತಿಪ್ಪೆಗೆ ಹಾಕುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಹೊಲದ ಕೂಳೆಗೆ ಬೆಂಕಿ ಹಾಕುವುದಂತೂ ಕೊಲೆಗೆ ಸಮ. "ನಿನ್ನ ಇಸ್ಕೂಲು ಇನ್ನೂ ಎಷ್ಟು ದಿನ ನಡೀತದವ್ವ?" ಎಂದು ಅತ್ತೆ ನನ್ನನ್ನು ಕೇಳುತ್ತಿದ್ದರು, ಬಿಸಿನೀರಿನ ಪಾತ್ರೆ ಆರಲೆಂದು ಕಾಯುತ್ತ ಕೂತು.

ಆಗ ಟೆರಿಕಾಟಿನ ಕಾಲ. ನಮ್ಮ ಮದುವೆಗೆ ನನ್ನ ಯಜಮಾನರು ಹೊಲಿಸಿದ್ದ ಆಕಾಶನೀಲಿ ಟೆರಿಕಾಟ್ ಅಂಗಿ ಪಣಕಹಳ್ಳಿಯಲ್ಲಿ ಹೆಸರುವಾಸಿ. ಅಪ್ಪಟ ಹತ್ತಿಯಲ್ಲದಿದ್ದರೂ ಮಾವನವರಿಗೆ ಆ ಅಂಗಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಕೇಳದೆ ಮುಟ್ಟುವುದಿಲ್ಲ ಎಂದು ಸೊಸೆಗೆ ಮಾತು ಕೊಟ್ಟಿದ್ದರು. ಮಗನಿಗೆ ಕೊಟ್ಟಿರಲಿಲ್ಲ. ಒಂದು ದಿನ ಅಂಗಿ ಇಡಿಯಾಗಿ ಹೊಲ ಸೇರಿತು. ಎರಡು ಅಮಾವಾಸ್ಯೆಗೆ ಅಗೆದರು, ಅಂಗಿ ಹಾಗೇ ಇತ್ತು. ಮತ್ತೆ ಹೂತರು. ನಾಲ್ಕಾಯಿತು, ಆರಾಯಿತು, ಹಾಗೇ. ಹನ್ನೆರಡನೆಯ ಅಮಾವಾಸ್ಯೆಗೆ ತೆಗೆದು ಕೊಡವಿದಾಗ ಇಸ್ತ್ರಿಯ ಗೆರೆ ಒಂದು ಹೋಗಿತ್ತು, ಅಷ್ಟೆ. ಗುಂಡಿ ಕೂಡ ಬಿದ್ದಿರಲಿಲ್ಲ. ನನ್ನ ಯಜಮಾನರು ಅದನ್ನು ಒಗೆಸಿ, ತೊಟ್ಟುಕೊಂಡು, ತಾಳವಾಡಿ ಸಂತೆಗೆ ಹೊರಟೇಬಿಟ್ಟರು. ಮಾವನವರು ಜಗಲಿಯಿಂದ ನೋಡಿ ತಲೆ ಅಲ್ಲಾಡಿಸಿದರು. "ಮಣ್ಣೇ ನಂಗೆ ಬ್ಯಾಡ ಅಂದಿದ್ನ ಮೈಮ್ಯಾಲೆ ಆಕೊಂಡು ಓಯ್ತಾವ್ನಲ್ಲ."

ಇಲ್ಲಿಯವರೆಗೆ ಎಲ್ಲ ನಗುವಿನಲ್ಲೇ ನಡೆಯಿತು. ಮುಂದೆ ಪೇಚಿಗೆ ಬಂತು. ನಮ್ಮ ಹೊಲದ ಮಣ್ಣನ್ನು ಇನ್ನೊಬ್ಬರ ಮಣ್ಣಿನ ಜೊತೆ ಹೋಲಿಸಿ ನೋಡಬೇಡವೆ? ಅದಕ್ಕೆ ಮಾವನವರು ಯಾರಿಗೂ ಹೇಳದೆ ಊರವರ ಹೊಲಗಳಲ್ಲೂ ಬಟ್ಟೆ ಹೂತಿದ್ದರು. ಯಾವ ತುಂಡು ಯಾವ ಹೊಲದ್ದು ಎಂದು ತಿಳಿಯಲು ಒಂದೊಂದಕ್ಕೆ ಒಂದು, ಎರಡು, ಮೂರು ಹೀಗೆ ಗಂಟು ಹಾಕಿದ್ದರು. ಪಕ್ಕದ ಹೊಲ ಮಾವನವರ ದಾಯಾದಿಯದು. ವರಸೆಯಲ್ಲಿ ತಮ್ಮ, ನನಗೆ ಚಿಕ್ಕಮಾವ. ಅವರ ಎಮ್ಮೆ ಒಂದು ವಾರದಿಂದ ಹಾಲು ಕೊಡದೆ ಒದೆಯುತ್ತಿತ್ತು. ಅದೇ ವಾರ ಅವರ ನೇಗಿಲಿಗೆ ಮೂರು ಗಂಟಿನ ಬಟ್ಟೆ ಸಿಕ್ಕಿಕೊಂಡು ಮೇಲೆ ಬಂತು. ಹೊಲದಲ್ಲಿ ಹೂತ ಗಂಟು ಬಟ್ಟೆ ಎಂದರೆ ಹಳ್ಳಿಯಲ್ಲಿ ಒಂದೇ ಅರ್ಥ. ಮಾಟ.

ಈಶ್ವರನ ಗುಡಿಯ ಜಗಲಿಯ ಮೇಲೆ ಊರು ಸೇರಿತು. ಮಾಟ ಮಾಡಿದ್ದು ನಿಜವೆಂದಾದರೆ ನಮ್ಮ ಮನೆಗೆ ಯಾರೂ ಬೆಂಕಿ ಕೊಡುವುದಿಲ್ಲ, ಊರ ಬಾವಿಯ ನೀರು ಕೊಡುವುದಿಲ್ಲ. ಅತ್ತೆ ಮನೆಯೊಳಗೆ ದೇವರ ಗೂಡಿನ ಮುಂದೆ ಕೂತುಬಿಟ್ಟರು. ಹೆಂಗಸರು ಆ ಸಭೆಗೆ ಹೋಗುವ ಹಾಗಿಲ್ಲವಾದ್ದರಿಂದ ನಾನು ಗುಡಿಯ ಪಕ್ಕದ ಮನೆಯ ಗೋಡೆ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

"ಅಣ್ಣ ಅಂತ ನಂಬಿದ್ದೆ. ನನ್ನ ಎಮ್ಮೆ ಕಟ್ಟಾಕಿ ಬುಟ್ಟವ್ನೆ," ಎಂದರು ಚಿಕ್ಕಮಾವ.

"ಬಟ್ಟೆ ಊತಿದ್ದು ದಿಟವಾ?" ಎಂದು ಊರ ಯಜಮಾನರು ಕೇಳಿದರು.

"ದಿಟ," ಎಂದರು ಮಾವನವರು.

"ಇವನ ಒಲದಲ್ಲಿ ಮಾತ್ರವಾ?"

"ಇಲ್ಲ. ಅದಿನೇಳು ಕಡೆ ಊತೀವ್ನಿ. ನಿಮ್ಮ ಒಲದಲ್ಲೂ ಒಂದದೆ. ಈ ಗುಡಿ ಇಂದಗಡೆ ಬಿಲ್ವದ ಮರದ ಬುಡದಲ್ಲೂ ಒಂದದೆ."

ಇಂಥ ತಪ್ಪೊಪ್ಪಿಗೆಯನ್ನು ಆ ಜಗಲಿ ಹಿಂದೆಂದೂ ಕೇಳಿರಲಿಲ್ಲ. ಗದ್ದಲ ಅಡಗಿದ ಮೇಲೆ ಮಾವನವರು ಚಿಕ್ಕಮಾವನ ಕೈಯಲ್ಲಿದ್ದ ಬಟ್ಟೆಯನ್ನು ಇಸಿದುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಮೂರು ಗಂಟು, ನಾಲ್ಕು ಎಳೆ, ಉಳಿದದ್ದೆಲ್ಲ ತೂತು. "ನೋಡ್ಲಾ. ಎಂಗೆ ಉಂಡದೆ ನೋಡು. ಊರಿಗೆಲ್ಲ ನಿನ್ನ ಒಲಾನೇ ಮೊದಲು ಕಣ್ಲಾ. ನನ್ನ ಒಲ ಇಂಗೆ ಉಂಡಿಲ್ಲ."

ಚಿಕ್ಕಮಾವ ಬಟ್ಟೆಯನ್ನು ನೋಡಿದರು. "ಅಂಗಂದ್ರೆ?"

"ಅಂಗಂದ್ರೆ ನಿನ್ನ ಮಣ್ಣಲ್ಲಿ ಜೀವ ಅದೆ. ಗೊಬ್ಬರ ಆಕೀಯಲ್ಲ, ಅದು ದಕ್ತಾ ಅದೆ. ನಂಬದೇ ಓದ್ರೆ ಬನ್ನಿ, ಮಿಕ್ಕಿದ್ದನ್ನೂ ಅಗೆದು ತೋರಿಸ್ತೀನಿ."

ಊರಿಗೆ ಊರೇ ಅವರ ಹಿಂದೆ ಹೊರಟಿತು. ನಾವು ಹೆಂಗಸರೂ ದೂರದಿಂದ ಹಿಂಬಾಲಿಸಿದೆವು. ಮೊದಲೆರಡು ಹೊಲಗಳವರೆಗೆ ಜನ ಭಯದಿಂದ ದೂರ ನಿಂತಿದ್ದರು. ಮೂರನೆಯ ಹೊಲದ ಹೊತ್ತಿಗೆ, "ನಂದು ತೆಗಿ, ನಂದು ತೆಗಿ," ಎಂದು ನುಗ್ಗತೊಡಗಿದರು. ಬಟ್ಟೆ ಕರಗಿಹೋಗಿದ್ದವನು ಮೀಸೆ ತಿರುವಿದ. ಅರ್ಧ ಉಳಿದಿದ್ದವನು ಮಳೆಯನ್ನು ಬೈದ. ಊರ ಯಜಮಾನರ ಹೊಲದ ಬಟ್ಟೆ ಮಾತ್ರ ಹೂತ ಹಾಗೇ ಬಂತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಬಟ್ಟೆ ಸರಿಗಿಲ್ಲ. ಇನ್ನೊಂದು ಊಳು," ಎಂದು ತೀರ್ಪು ಕೊಟ್ಟರು. ಮಾಟದ ಮಾತು ಅಲ್ಲಿಗೆ ಮುಗಿಯಿತು. ಎಮ್ಮೆಯ ಕೆಚ್ಚಲಲ್ಲಿ ಮುಳ್ಳು ಮುರಿದಿತ್ತೆಂದು ಮರುದಿನ ಗೊತ್ತಾಯಿತು. ಚಿಕ್ಕಮಾವ ಆ ವಾರವೆಲ್ಲ ಆ ನಾಲ್ಕು ಎಳೆಯನ್ನು ಟವೆಲ್ಲಿನ ತುದಿಗೆ ಕಟ್ಟಿಕೊಂಡು ಕಂಡಕಂಡವರಿಗೆ ತೋರಿಸುತ್ತಿದ್ದರು. ಅವರಿವರು ತಾವಾಗಿಯೇ ಹರಕು ಬನಿಯನ್ನುಗಳನ್ನು ತಂದು ನಮ್ಮ ಜಗಲಿಯ ಮೇಲೆ ಇಟ್ಟು ಹೋಗತೊಡಗಿದರು.

ಆದರೆ ಆ ದಿನ ಎಲ್ಲರೂ ಹೋದ ಮೇಲೆ ಮಾವನವರು ಕೊನೆಯ ತುಂಡನ್ನು ಅಗೆದದ್ದು ನಮ್ಮ ಬಾವಿ ಕೆಳಗಿನ ಹೊಲದಲ್ಲಿ. ನಮ್ಮ ಜಮೀನಿನಲ್ಲೆಲ್ಲ ಅದೇ ಚೆನ್ನಾದ ಹೊಲ. ಆಲೂಗೆಡ್ಡೆ, ಕೋಸು ಎಲ್ಲ ಅಲ್ಲೇ. ಪಣಕಹಳ್ಳಿಗೆ ಮೂಟೆ ಗೊಬ್ಬರವನ್ನೂ ಹುಳಕ್ಕೆ ಉದುರಿಸುವ ಬಿಳಿ ಪುಡಿಯನ್ನೂ ಮೊದಲು ತಂದವರು ನಮ್ಮ ಮಾವನವರೇ. ಊರೆಲ್ಲ ನೋಡಲು ಬಂದಿತ್ತಂತೆ. ಅಲ್ಲಿಂದ ತೆಗೆದ ಬಟ್ಟೆ ಎಷ್ಟು ಚೆನ್ನಾಗಿತ್ತೆಂದರೆ, ಅತ್ತೆ ಅದನ್ನು ಒಗೆದು ಒಲೆಯಿಂದ ಪಾತ್ರೆ ಇಳಿಸಲು ಹಿಡಿಬಟ್ಟೆ ಮಾಡಿಕೊಂಡರು. ಮಾವನವರು ಆ ಸಂಜೆ ಅರ್ಧ ಮುದ್ದೆಯನ್ನೂ ಉಣ್ಣಲಿಲ್ಲ.

"ನೀರು ಅದೆ, ಬೆಳೆ ಬರ್ತದೆ, ಮಣ್ಣು ಮಾತ್ರ ಸತ್ತದೆ," ಎಂದು ಜಗಲಿಯಿಂದ ಹೇಳಿದರು. "ನಾನೇ ಕೈಯಾರೆ ಉದುರಿಸಿದ್ದು."

ತಾಳವಾಡಿಗೆ ಬರುತ್ತಿದ್ದ ವ್ಯವಸಾಯದ ಅಧಿಕಾರಿಯೊಬ್ಬರು ಮಣ್ಣನ್ನು ಚೀಲದಲ್ಲಿ ಕೊಟ್ಟರೆ ಪರೀಕ್ಷೆ ಮಾಡಿಸಿಕೊಡುತ್ತಾರೆಂದು ಗೊತ್ತಾಗಿ ಮಾವನವರು ಕೊಟ್ಟು ಬಂದರು. ತಿಂಗಳಾದ ಮೇಲೆ ತಮಿಳಿನಲ್ಲಿ ಒಂದು ಚೀಟಿ ಬಂತು. ನನ್ನ ಯಜಮಾನರು ಓದಿ ಹೇಳಿದರು, ಸಾರಜನಕ ಇಷ್ಟು, ರಂಜಕ ಇಷ್ಟು, ಪೊಟ್ಯಾಷ್ ಇಷ್ಟು ಎಂದು. ಮಾವನವರು ಪೂರ್ತಿ ಕೇಳಿ, ಚೀಟಿಯನ್ನು ಇಸಿದುಕೊಂಡು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಉಸಿರಾಡ್ತಾ ಅದೋ ಇಲ್ವೋ, ಅದ ಎಲ್ಲಿ ಬರದವ್ರೆ?"

"ಅದನ್ನ ಬರೆಯಾಕಿಲ್ಲ ಅಪ್ಪ."

"ಮತ್ತೇನು ಪರೀಕ್ಸೆ ಮಾಡುದ್ರು?"

ಮುಂದಿನದು ಆರೈಕೆಯ ಕಾಲ. ಕಾಯಿಲೆಯಿಂದ ಎದ್ದವರಿಗೆ ಮಾಡುವ ಹಾಗೆ ಆ ಹೊಲಕ್ಕೆ ಮೊದಲು ಅಂಬಲಿ, ಆಮೇಲೆ ನೀರು ಮಜ್ಜಿಗೆ, ಆಮೇಲೆ ಬೆಲ್ಲದ ನೀರು. ಮನೆಯಲ್ಲಿ ನಮಗೆ ಮಜ್ಜಿಗೆಯಿಲ್ಲದ ಊಟ. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ತವರಿನಿಂದ ಬಂದ ನಾನು, ಇಲ್ಲಿ ನನಗಿಂತ ಚೆನ್ನಾಗಿ ಬಾಣಂತನ ಮಾಡಿಸಿಕೊಳ್ಳುತ್ತಿರುವ ಹೊಲವನ್ನು ಕಂಡು ಬೆರಗಾದೆ. ಇಷ್ಟಾದರೂ ಬಟ್ಟೆ ಹೂತರೆ ಹಾಗೇ ಬರುತ್ತಿತ್ತು. ಒಂದು ದಿನ ಅತ್ತೆಗೆ ರೇಗಿತು. ಬರಿದಾದ ಮೊಸರಿನ ಕುಡಿಕೆಯನ್ನು ತಂದು ಜಗಲಿಯ ಮೇಲೆ ಕುಕ್ಕಿದರು.

"ಬರೀ ಉಯ್ದ್ರೆ ಏನಾದದು? ಕಾಯ್ಸಿದ ಹಾಲು ತಾನೇ ಮೊಸರಾದದಾ? ಎಪ್ಪು ಆಕಬ್ಯಾಡ್ವಾ? ನಮ್ಮ ಮನೇಲಿ ಎಪ್ಪು ಸತ್ತೋದ್ರೆ ಪಕ್ಕದ ಮನೆಗೆ ಓಗಿ ಒಂದು ಚಮಚ ಈಸ್ಕೊಂಡು ಬರಾಕಿಲ್ವಾ?"

ಅವರು ಹೇಳಿದ್ದು ಬೈಗುಳದ ಲೆಕ್ಕದಲ್ಲಿ. ಮಾವನವರು ಎದ್ದು ನಿಂತರು. "ಲೇ," ಎಂದು ಹೆಂಡತಿಯ ಮುಖವನ್ನೇ ನೋಡಿದರು. "ನೀನು ಇಸ್ಕೂಲಿಗೆ ಓಗ್ದೇ ಇದ್ದದ್ದು ಒಳ್ಳೇದಾಯ್ತು ಕಣೆ." ಬಾಗಿಲ ಹಿಂದೆ ನಿಂತಿದ್ದ ಎಸ್ಸೆಸ್ಸೆಲ್ಸಿಗೆ ಆ ಮಾತು ತಾಗದೆ ಇರಲಿಲ್ಲ.

ಹೆಪ್ಪು ಯಾರ ಮನೆಯಿಂದ ತರುವುದೆಂದು ಅವರಿಗೆ ಆಗಲೇ ಗೊತ್ತಿತ್ತು. ತಾಳಮಲೆ ಕಾಡಿನ ಸೋಲಿಗರ ಹಾಡಿಯ ಮುದುಕಿಯೊಬ್ಬಳು ತಾಳವಾಡಿ ಸಂತೆಗೆ ನೆಲ್ಲಿಕಾಯಿ, ಪೊರಕೆ ತರುತ್ತಿದ್ದಳು. ಮಾವನವರು ಅವಳಿಗೂ ಒಂದು ಬಟ್ಟೆ ಕೊಟ್ಟು ಅವಳ ಹೊಲದಲ್ಲಿ ಹೂಳಲು ಹೇಳಿದ್ದರು. ಒಂದೇ ಅಮಾವಾಸ್ಯೆಗೆ ಬಂದು, "ಬಗುದು ನೋಡ್ದಿ, ಏನೂ ಸಿಕ್ನಿಲ್ಲ," ಎಂದಿದ್ದಳು. ಒಲೆಗೆ ಹಾಕಿ ಸುಳ್ಳು ಹೇಳುತ್ತಿದ್ದಾಳೆಂದು ಇನ್ನೊಂದು ಕೊಟ್ಟಿದ್ದರು. ಅದೂ ಸಿಗಲಿಲ್ಲ. ಈಗ ಬುಟ್ಟಿ ಹಿಡಿದು ಅವಳ ಹಾಡಿಗೇ ಹೋದರು. ಮುಂದೆ ನಡೆದದ್ದನ್ನು ಅವರ ಬಾಯಿಂದಲೇ ನಾವು ಎಷ್ಟೋ ಸಲ ಕೇಳಿದ್ದೇವೆ.

"ಅವ್ವ, ಒಂದು ಬುಟ್ಟಿ ಮಣ್ಣು ಬೇಕಿತ್ತು," ಎಂದರಂತೆ ಮಾವನವರು.

ಮುದುಕಿ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳಂತೆ. "ಮಣ್ಣಾ? ಯಾಕಯ್ಯ, ನಿಮ್ಮೂರಲ್ಲಿ ಮುಗುದೋಯ್ತಾ?"

"ಅದೆ. ಆದ್ರೆ ಸತ್ತದೆ."

ಮುದುಕಿ ನಗಲಿಲ್ಲವಂತೆ. ಎದ್ದು ಕಾಡಿನಂಚಿಗೆ ಕರೆದುಕೊಂಡು ಹೋದಳು. ಮಾವನವರು ಒಂದು ಮರದ ಬುಡದಲ್ಲಿ ಬಗೆಯಲು ಹೋದರೆ ಕೈ ಹಿಡಿದು ತಡೆದಳು. "ಒಂದೇ ಕಡೆ ಬಗೀಬ್ಯಾಡ. ಮರಕ್ಕೊಂದು ಇಡಿ ತಕೊ. ತಕೊಂಡ ಮ್ಯಾಲೆ ಎಲೆ ಮತ್ತೆ ಮುಚ್ಚು." ಬುಟ್ಟಿ ತುಂಬುವ ಹೊತ್ತಿಗೆ ಹೊತ್ತು ಇಳಿದಿತ್ತು. ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಇದ ಒಯ್ದು ಬಿಸಿಲಿಗೆ ಸುರಿದೀಯೆ. ಸುರೀಬ್ಯಾ‌ಡ. ಕಾಡಲ್ಲಿ ನೆಲ ಎಲ್ಲಾರ ಬೆತ್ತಲೆ ಇದ್ದದ್ದ ಕಂಡಿದ್ದೀಯಾ?" ಐವತ್ತು ವರ್ಷ ಉತ್ತಿದ್ದ ಮಾವನವರಿಗೆ ಅದು ಹೊಳೆದಿರಲಿಲ್ಲ. ತಮ್ಮ ಬಾವಿ ಕೆಳಗಿನ ಹೊಲ ಕಡ್ಡಿ ಕಸವಿಲ್ಲದೆ ಅಂಗಳದಂತೆ ಇರಬೇಕೆಂದು ಅವರು ಹಟ ಮಾಡಿಕೊಂಡು ಬಂದಿದ್ದವರು.

ದಾರಿಯಲ್ಲಿ ಕಾಡಿನ ಗಾರ್ಡು ತಡೆದ. ತಮಿಳಿನವನು, ಹೊಸದಾಗಿ ಬಂದವನು. "ಕೂಡೆಯಿಲ ಎನ್ನ?" ಎಂದು ಬುಟ್ಟಿಯಲ್ಲಿ ಏನಿದೆಯೆಂದು ಕೇಳಿದ.

"ಮಣ್ಣು," ಎಂದರು ಮಾವನವರು.

ಎರಡು ಭಾಷೆಯಲ್ಲೂ ಅದಕ್ಕೆ ಒಂದೇ ಮಾತಾದ್ದರಿಂದ ತಪ್ಪು ತಿಳಿಯಲು ಜಾಗವೇ ಇರಲಿಲ್ಲ. ಆದರೂ ಅವನಿಗೆ ತಿಳಿಯಲಿಲ್ಲ. ಕೆಳಗೆ ಗಂಧದ ತುಂಡು ಇರಬೇಕೆಂದು ಮೊಣಕೈವರೆಗೆ ಕೈ ತೂರಿಸಿ ತಡಕಿದ. ಎರಡು ಎರೆಹುಳು, ಕೊಳೆತ ಎಲೆ, ಅದರ ಮೇಲೆ ಬೂಸ್ಟಿನ ಬಿಳಿ ಎಳೆಗಳು ಸಿಕ್ಕವು. ಹುಳುಗಳನ್ನು ಅವನು ದೂರ ಬಿಸಾಡಿದ. ಮಾವನವರು ಅವನ್ನು ಹುಡುಕಿ ಹೆಕ್ಕಿ ತಂದು ಮತ್ತೆ ಬುಟ್ಟಿಯೊಳಗೆ ಬಿಟ್ಟು ಎಲೆ ಹೊದಿಸಿದರು. ಗಾರ್ಡು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ದನಿ ಇಳಿಸಿ, "ಪಾವಂ, ಪೋಂಗ," ಎಂದನಂತೆ. ಪಾಪ, ಹೋಗಿ ಎಂದು. ಗಡಿಯ ಎರಡೂ ಕಡೆಯ ಜನ ನಮ್ಮ ಮಾವನವರ ವಿಷಯದಲ್ಲಿ ಒಂದೇ ತೀರ್ಮಾನಕ್ಕೆ ಬಂದರು ಎಂದಾಯಿತು.

ಮುದುಕಿಯ ಅಂಗಳದಲ್ಲಿ ಕೂತು ಅಂಬಲಿ ಕುಡಿದು ಬಂದದ್ದನ್ನೂ ಅವರು ಮುಚ್ಚಿಡಲಿಲ್ಲ. ನಮ್ಮ ಕಡೆಯವರು ಹಾಡಿಯಲ್ಲಿ ನೀರು ಮುಟ್ಟದ ಕಾಲ ಅದು. ಅತ್ತೆ ಕೇಳಿದರು.

"ಚೆನ್ನಾಗಿತ್ತಾ?"

"ನಿನ್ನದಕ್ಕಿಂತ."

ಮೂರು ದಿನ ಮನೆಯಲ್ಲಿ ಅಂಬಲಿ ಕಾಯಿಸಲಿಲ್ಲ.

ಆ ಬುಟ್ಟಿ ಮಣ್ಣನ್ನು ಸಗಣಿಯ ಗುಂಡಿಯಲ್ಲಿ ಬೆರೆಸಿ, ಎಲೆ ಮುಚ್ಚಿ, ಮಳೆ ಬೀಳುವ ಹೊತ್ತಿಗೆ ಹೊಲಕ್ಕೆಲ್ಲ ಹರಡಿದರು. ಮೇಲೆ ಹೊಂಗೆ ಎಲೆ, ರಾಗಿ ಹುಲ್ಲು, ಅವರೆ ಹೊಟ್ಟು. ಬಿಳಿ ಪುಡಿ ನಿಂತಿತು. ಊರಿಗೆ ಅಂದವಾದ ಹೊಲ ತಿಪ್ಪೆಯಂತೆ ಕಾಣತೊಡಗಿತು. ನನ್ನ ಯಜಮಾನರಿಗೆ ಆಲೂಗೆಡ್ಡೆ ಕೈತಪ್ಪಿದ ಬೇಸರ. ಅಪ್ಪ ಮಗ ಒಂದು ವಾರ ಮಾತು ಬಿಟ್ಟರು. ಕೊನೆಗೆ ಮಾವನವರೇ ಮಗನ ಎದುರು ನಿಂತು, "ಮೂರು ಮಳೆಗಾಲ ಕೊಡ್ಲಾ. ಆಮ್ಯಾಲೆ ನೀನುಂಟು ನಿನ್ನ ಒಲ ಉಂಟು," ಎಂದು ಕೇಳಿಕೊಂಡರು. ಅಪ್ಪ ಏನನ್ನಾದರೂ ಕೇಳಿಕೊಂಡದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ನನ್ನ ಯಜಮಾನರು ಹೂಂ ಎಂದರು.

ಮೊದಲ ವರ್ಷ ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿತ್ತು, ಅಷ್ಟೇ. ಮಾವನವರು ಅದನ್ನು ಜಾತಕದಂತೆ ಹಿಡಿದು ನೋಡಿದರು. ಎರಡನೆಯ ವರ್ಷ ಬಟ್ಟೆ ಜರಡಿಯಾಗಿತ್ತು. ಮೂರನೆಯ ವರ್ಷ ಅಗೆದಲ್ಲಿ ಅಂಚಿನ ಒಂದು ದಾರ ಸಿಕ್ಕಿತು. ಆ ದಿನ ಅವರು ತಾಳವಾಡಿಗೆ ಹೋಗಿ ಕಡಲೆ, ಬೆಲ್ಲ ತಂದು ಮನೆಮನೆಗೂ ಹಂಚಿದರು. ಬಸ್ಸು ನಿಲ್ಲಿಸಿ ಡ್ರೈವರು, ಕಂಡಕ್ಟರಿಗೂ ಕೊಟ್ಟರು. ಮನೆಯಲ್ಲಿ ಏನು ವಿಶೇಷ ಎಂದು ಕಂಡಕ್ಟರು ಕೇಳಿದ.

"ಬಟ್ಟೆ ಕೊಳೆತದೆ," ಎಂದರು ಮಾವನವರು.

ಎಂಬತ್ತರ ದಶಕ ಶುರುವಾಗಿತ್ತು. ನನಗೆ ಎರಡನೆಯ ಹೆರಿಗೆ ಪಣಕಹಳ್ಳಿಯಲ್ಲೇ ಆಯಿತು. ಗಂಡು ಮಗು. ಹನ್ನೊಂದು ದಿನ ಇತ್ತು. ಎರಡು ದಿನ ಜ್ವರ ಬಂತು, ಕೂಸು ಹೋಗಿಬಿಟ್ಟಿತು. ಹೆಸರಿಡುವ ಮುಂಚೆ ಹೋದ ಕೂಸುಗಳನ್ನು ನಮ್ಮೂರಿನವರು ಊರಾಚೆಯ ಕಲ್ಲುಗುಡ್ಡೆಯ ಪಕ್ಕ ಹೂಳುತ್ತಿದ್ದರು. ಮಾವನವರು ಎಲ್ಲರನ್ನೂ ಬಿಟ್ಟು ತಾವೊಬ್ಬರೇ ಎತ್ತಿಕೊಂಡು ಹೋದರಂತೆ. ನಾನು ಒಳಗಿನ ಕೋಣೆಯಲ್ಲಿದ್ದೆ. ನನಗೆ ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಹೊರಗೆ ಓಡಾಡತೊಡಗಿದೆ. ಆಗ ನನಗೆ ಒಂದು ಕಂಡಿತು. ಎಲ್ಲ ಹೊಲಗಳಲ್ಲೂ ಬಟ್ಟೆ ಹೂತ ಗುರುತಿಗೆ ಕಡ್ಡಿ ನೆಟ್ಟಿದ್ದರು, ಬಾವಿ ಕೆಳಗಿನ ಹೊಲದಲ್ಲಿ ಒಂದೂ ಇರಲಿಲ್ಲ. ಅತ್ತೆಯನ್ನು ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಮಾವನ್ನೇ ಕೇಳವ್ವ," ಎಂದರು.

ಮಾವನವರು ಆ ಹೊಲದ ಬದುವಿನ ಮೇಲೆ ಹೊಂಗೆ ನೆರಳಲ್ಲಿ ಕೂತಿದ್ದರು. ನಾನು ಹೋಗಿ ಅವರ ಎದುರಿಗೆ ನಿಂತೆ. ಆರೇಳು ವರ್ಷದಲ್ಲಿ ಹಾಗೆ ನಿಂತದ್ದು ಅದೇ ಮೊದಲು.

"ಮಾವ, ಎಲ್ಲಿ?" ಎಂದೆ.

ಅವರು ರಾಗಿ ಪೈರಿನ ನಡುವೆ ಒಂದು ಕಡೆ ಕೈ ತೋರಿಸಿದರು. ಅಲ್ಲಿ ಕಲ್ಲಿರಲಿಲ್ಲ, ಗುರುತಿರಲಿಲ್ಲ. ಪೈರು ಎಲ್ಲ ಕಡೆ ಇದ್ದ ಹಾಗೇ ಇತ್ತು.

"ಆ ಕಲ್ಲುಗುಡ್ಡೆ ಮಣ್ಣಲ್ಲಿ ಏನೂ ಇಲ್ಲ ಕಣವ್ವ," ಎಂದರು. "ನಾನು ನೋಡೀವ್ನಿ. ಅಲ್ಲಿ ಬುಟ್ಟಿದ್ರೆ ಮಗ ಒಬ್ನೇ ಆಗೋಯ್ತಿದ್ದ. ಇಲ್ಲಿ ಬೇಕಾದಷ್ಟು ಜೀವ ಅದೆ. ಒಂಟಿ ಆಗಾಕಿಲ್ಲ."

ನಾನು ಬದುವಿನ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟೆ. ಅಲ್ಲಿಯವರೆಗೆ ಮನೆಯಲ್ಲಿ ಅಳದೆ ಇಟ್ಟುಕೊಂಡಿದ್ದದ್ದನ್ನೆಲ್ಲ ಅತ್ತು ಹೊರಹಾಕಿದೆ. ಮಾವನವರು ಎದ್ದು ಹೋಗಲಿಲ್ಲ. ದನ ಮನೆಗೆ ಬರುವ ಹೊತ್ತಿನವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.